ಎಂಟು ಮಂದಿ ಹಿರಿಯರಿರುವ ಆರೈಕೆ ಮನೆಗೆ ಅಮ್ಮನನ್ನು ಸೇರಿಸುವ ಮುನ್ನ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಾಯಿಗೆ 78 ವರ್ಷ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ವಾಕರ್ ಹಿಡಿದು ನಡೆಯುತ್ತಾರಾದರೂ ಸ್ನಾನ, ಶೌಚಕ್ಕೆ ಒಬ್ಬರ ಆಸರೆ ಬೇಕೇ ಬೇಕು. ನಾನು, ನನ್ನ ಪತ್ನಿ ಇಬ್ಬರೂ ಕೆಲಸಕ್ಕೆ ಹೋಗುವವರು. ಏಜೆನ್ಸಿಯವರು ಕಳಿಸುವ ಆಯಾಗಳು ಹೆಚ್ಚು ದಿನ ನಿಲ್ಲುತ್ತಿಲ್ಲ. ಮೈಸೂರಿನ ನಮ್ಮ ಬಡಾವಣೆಯಲ್ಲೇ ಬಾಡಿಗೆ ಮನೆಯೊಂದರಲ್ಲಿ ಎಂಟು ಮಂದಿ ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವವರಿದ್ದಾರೆ. ಸೇರಿಸುವ ಮುನ್ನ ಏನೇನು ವಿಚಾರಿಸಬೇಕು?

ಉತ್ತರ (ಹಿರಿಯರ ಆರೈಕೆಯ ನರ್ಸ್): ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಮೇಲಿನ ಹಿಡಿತ, ಊಟ ಮಾಡುವುದು, ಈ ಆರರಲ್ಲಿ ತಾಯಿಯವರಿಗೆ ಯಾವುದಕ್ಕೆ ಎಷ್ಟು ನೆರವು ಬೇಕೆಂದು ಮೊದಲು ಬರೆದಿಟ್ಟುಕೊಳ್ಳಿ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಈ ಅಳತೆಯನ್ನೇ ನಾವು ಇಂದಿಗೂ ಬಳಸುತ್ತೇವೆ. ಪಕ್ಕದಲ್ಲಿ ನಿಂತರೆ ಸಾಕೇ, ಹಿಡಿದು ಎಬ್ಬಿಸಬೇಕೇ ಎಂಬುದನ್ನೂ ನಮೂದಿಸಿ, ಏಕೆಂದರೆ ಆಯಾಗಳ ಸಂಖ್ಯೆ ಸಾಕೋ ಸಾಲದೋ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಅನಂತರ ಕೇಳಬೇಕಾದದ್ದು ರಾತ್ರಿಯ ವಿಚಾರ. ಹಗಲಿನಲ್ಲಿ ಮೂವರು ಓಡಾಡುವ ಮನೆಯಲ್ಲಿ ರಾತ್ರಿ ಒಬ್ಬರೇ ಇರುವುದುಂಟು. ಅವರು ಒಬ್ಬರ ಡಯಾಪರ್ ಬದಲಿಸುತ್ತಿರುವಾಗ ನಿಮ್ಮ ತಾಯಿಯವರಿಗೆ ಮೂತ್ರದ ಅವಸರವಾದರೆ, ಕರೆದು ಕಾಯದೆ ತಾವೇ ಎದ್ದು ಹೊರಡುತ್ತಾರೆ. ಒಮ್ಮೆ ಸೊಂಟ ಮುರಿದವರು ಮತ್ತೆ ಬಿದ್ದರೆ ಇನ್ನೊಂದು ಕಡೆಯೂ ಮುರಿಯುವ ಅಪಾಯ ಹೆಚ್ಚು. ಆದ್ದರಿಂದ ಅನುಮತಿ ಪಡೆದು, ರಾತ್ರಿ ಊಟದ ನಂತರ ಒಮ್ಮೆ ಹೋಗಿ ನೋಡಿ. ಮುಂಬಾಗಿಲಿನ ಹೂಕುಂಡಗಳಿಗಿಂತ ಬಚ್ಚಲುಮನೆಯ ಒದ್ದೆ ನೆಲ ಹೆಚ್ಚು ಹೇಳುತ್ತದೆ. ಕಮೋಡಿನ ಪಕ್ಕ ಗೋಡೆಗೆ ಹಿಡಿಕೆ ಇದೆಯೇ, ಆಯಾ ಹೇಗೆ ಎಬ್ಬಿಸುತ್ತಾರೆ ಎಂಬುದನ್ನೂ ಗಮನಿಸಿ. ಪಾದಗಳನ್ನು ಹಿಂದಕ್ಕೆ ಸರಿಸಿ, ಮುಂದಕ್ಕೆ ಬಾಗಿಸಿ, ಸೊಂಟಕ್ಕೆ ಆಸರೆ ಕೊಟ್ಟು ಎಬ್ಬಿಸುವವರು ಕೆಲಸ ಕಲಿತವರು; ಕಂಕುಳಿಗೆ ಕೈಹಾಕಿ ಮೇಲಕ್ಕೆ ಎಳೆಯುವವರಿಂದ ಹಿರಿಯರ ಭುಜಕ್ಕೆ ಪೆಟ್ಟಾಗುತ್ತದೆ.

ಪ್ರಶ್ನೆ: ಧನ್ಯವಾದಗಳು. ತಿಂಗಳ ಶುಲ್ಕವನ್ನು ಆರೋಗ್ಯ ವಿಮೆಯಿಂದ ಪಡೆಯಲು ಸಾಧ್ಯವೇ?

ಉತ್ತರ: ಸಾಮಾನ್ಯ ಆರೋಗ್ಯ ವಿಮೆ ವಾಸದ ಆರೈಕೆಗೆ ಹಣ ಕೊಡುವುದಿಲ್ಲ. 2024ರಲ್ಲಿ 70 ವರ್ಷ ತುಂಬಿದವರಿಗೆ ವಿಸ್ತರಿಸಿದ ಆಯುಷ್ಮಾನ್ ಭಾರತ್ ಯೋಜನೆಯ 5 ಲಕ್ಷ ರೂಪಾಯಿಗಳ ರಕ್ಷಣೆಯೂ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಷ್ಟೇ. ಡಯಾಪರ್, ಫಿಸಿಯೋಥೆರಪಿ ಶುಲ್ಕದೊಳಗೇ ಸೇರಿವೆಯೇ, ಆಸ್ಪತ್ರೆಯಲ್ಲಿರುವ ದಿನಗಳಿಗೂ ಹಣ ಕಟ್ಟಬೇಕೇ, ಬಿಟ್ಟು ಬಂದರೆ ಠೇವಣಿ ಯಾವಾಗ ಮರಳುತ್ತದೆ ಎಂಬುದೆಲ್ಲ ಕರಾರಿನಲ್ಲೇ ಬರಲಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ತಂದೆಯವರಿಗೆ ಮರೆವಿನ ಕಾಯಿಲೆಯಿದ್ದು, ರಾತ್ರಿ ಎದ್ದು ಓಡಾಡುತ್ತಾರೆ. ಇಂತಹ ಮನೆ ಅವರಿಗೆ ಹೊಂದುತ್ತದೆಯೇ?

ಉತ್ತರ: ಕಡಿಮೆ ಜನ, ದಿನವೂ ಅದೇ ಮುಖಗಳು ಇರುವುದರಿಂದ ಹೊಂದಬಹುದು. ಆದರೆ ರಾತ್ರಿ ಎದ್ದವರನ್ನು ಏನು ಮಾಡುತ್ತೀರೆಂದು ನೇರವಾಗಿ ಕೇಳಿ. ನಿದ್ದೆ ಮಾತ್ರೆ ಕೊಡುತ್ತೇವೆ, ಮಂಚಕ್ಕೆ ಕಟ್ಟುತ್ತೇವೆ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ವೈದ್ಯರ ಚೀಟಿಯಿಲ್ಲದೆ ಅಂತಹ ಮಾತ್ರೆ ಕೊಡುವುದು ಅಪಾಯಕಾರಿ, ಆ ಮಂಪರಿನಲ್ಲೇ ಹಲವರು ಬೀಳುತ್ತಾರೆ. ಯಾವುದೇ ಕೇಂದ್ರದಲ್ಲಿ ನಿರ್ಲಕ್ಷ್ಯ ಅಥವಾ ಹಿಂಸೆ ಕಂಡುಬಂದರೆ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.