ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಮ್ಮಿ ಮಾಡಲೇ? ಬದಲಿಸಿ ಓಡಿಸಿದವರು ಹೇಳಿ

ಕೇಳಿದವರು: ನನ್ನದು ಆರು ಗೇರಿನ ಬೈಕ್. ಚೈನ್ ಸುತ್ತುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಮುಂದೆ 15 ಹಲ್ಲಿನದು, ಹಿಂದೆ 45. ಓಡಿಸುವುದು ಜಾಸ್ತಿ ತಿರುವುಗಳ ಏರುದಾರಿಯಲ್ಲಿ, ಉಳಿದಿದ್ದು ಟ್ರಾಫಿಕ್‌ನಲ್ಲಿ. ಮೊದಲ ಗೇರಿನಲ್ಲೂ ಕ್ಲಚ್ ಅರ್ಧ ಹಿಡಿದೇ ಹೋಗಬೇಕು. ಆರನೇ ಗೇರ್ ಹಾಕುವುದೇ ಅಪರೂಪ. ಮುಂದೆ 14 ಹಾಕಿಸಲೋ, ಹಿಂದೆ ದೊಡ್ಡದು ಹಾಕಿಸಲೋ?

ಏರುದಾರಿ ಸವಾರ: ಮುಂದೆ 14 ಹಾಕಿ. ಹಿಂದಿನ ಹಲ್ಲನ್ನು ಮುಂದಿನದರಿಂದ ಭಾಗಿಸಿ ನೋಡಿ, ಈಗ ನಿಮ್ಮದು 3.0. 14 ಹಾಕಿದರೆ 3.21 ಆಗುತ್ತದೆ, ಅಂದರೆ ಸುಮಾರು 7% ಹೆಚ್ಚು ಎಳೆತ. ಹಿಂದೆ 48 ಹಾಕಿದರೂ 3.2, ಹೆಚ್ಚುಕಮ್ಮಿ ಅಷ್ಟೇ. ಆದರೆ ಹಿಂದಿನದು ದುಬಾರಿ, ಮೂರು ಹಲ್ಲು ಜಾಸ್ತಿಯಾದರೆ ಚೈನ್ ಕೂಡ ಸಾಲದೆ ಬರಬಹುದು. ನಾನೂ ಇದನ್ನೇ ಮಾಡಿದೆ, ನಿಮ್ಮ ಹಾಗೇ ತಿರುವಿನ ದಾರಿಗೆ. ಮೊದಲು ಎರಡನೇ ಗೇರಿನಲ್ಲಿ ಎಂಜಿನ್ ಒದ್ದಾಡುತ್ತಿತ್ತು, ಮೊದಲನೆಯದಕ್ಕೆ ಇಳಿಸಿದರೆ ಕಿರುಚುತ್ತಿತ್ತು. ಈಗ ಅದೇ ತಿರುವಿನಲ್ಲಿ ಎರಡನೆಯದರಲ್ಲೇ ಥ್ರಾಟಲ್ ಕೊಟ್ಟರೆ ಸಲೀಸಾಗಿ ಎದ್ದು ಬರುತ್ತದೆ. ಟ್ರಾಫಿಕ್‌ನಲ್ಲಿ ಎಡಗೈ ನೋವೂ ಕಮ್ಮಿ, ಕ್ಲಚ್ ಪೂರ್ತಿ ಬಿಟ್ಟು ನಿಧಾನ ಹೋಗಬಹುದಲ್ಲ. ಒಂದು ಮಾತು, ಗೇರ್‌ಬಾಕ್ಸ್ ಒಳಗೆ ಏನೂ ಬದಲಾಗುವುದಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರ ಜಾಸ್ತಿ ಅನ್ನಿಸಿದರೆ ಅದು ಹಾಗೇ ಉಳಿಯುತ್ತದೆ, ಆರೂ ಗೇರು ಒಟ್ಟಿಗೇ ಜರುಗುತ್ತವೆ ಅಷ್ಟೆ.

ಹೈವೇ ಪ್ರಿಯ: ಅವರು ಹೇಳದ ಇನ್ನೊಂದು ಕಡೆ ಹೇಳುತ್ತೇನೆ. ಹೈವೇನಲ್ಲಿ 6000 ಆರ್‌ಪಿಎಂ ಇದ್ದದ್ದು ಅದೇ ವೇಗಕ್ಕೆ 6400 ದಾಟುತ್ತದೆ. ಅರ್ಧ ಗಂಟೆಗೆ ಏನೂ ಅನ್ನಿಸುವುದಿಲ್ಲ, ಇಡೀ ದಿನ ಓಡಿಸಿದರೆ ಕೈಗೂ ಕಿವಿಗೂ ಗೊತ್ತಾಗುತ್ತದೆ. ಪೆಟ್ರೋಲೂ ಒಂಚೂರು ಜಾಸ್ತಿ ಕುಡಿಯುತ್ತದೆ. ನಾನು ಉಲ್ಟಾ ಹೋದವನು, ಮುಂದೆ 16 ಹಾಕಿದ್ದೇನೆ, ಎಂಜಿನ್ ಆರಾಮಾಗಿದೆ. ಆದರೆ 16 ಹಾಕಿದರೆ ಟಾಪ್ ಸ್ಪೀಡ್ ಏರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಣ್ಣ ಎಂಜಿನ್‌ಗೆ ಎದುರುಗಾಳಿಯಲ್ಲಿ ಆ ಆರನೇ ಗೇರನ್ನು ಎಳೆಯುವ ಶಕ್ತಿಯೇ ಇರುವುದಿಲ್ಲ, ನಾನು ಐದಕ್ಕೆ ಇಳಿಸಿಕೊಂಡೇ ಹೋಗುತ್ತೇನೆ. ಓಡಿಸುವಾಗ ಏಳನೇ ಗೇರ್ ಇರಬೇಕಿತ್ತು ಅಂತ ಕಾಲು ಸುಮ್ನೆ ಮೇಲೆ ಹೋಗುತ್ತಿದ್ದರೆ ಮಾತ್ರ ದೊಡ್ಡದು ಹಾಕಿ. ನಿಮಗೆ ಆರನೆಯದೇ ಬೇಡವಾಗಿದೆ, ಹಾಗಾಗಿ 14 ಸರಿ.

ಕೈಗೆ ಗ್ರೀಸ್: ಸ್ಪೀಡೋಮೀಟರ್ ಸೆನ್ಸರ್ ಎಲ್ಲಿದೆ ನೋಡಿದಿರಾ? ಮುಂದಿನ ಚಕ್ರದಲ್ಲಿದ್ದರೆ ಚಿಂತೆಯಿಲ್ಲ. ಗೇರ್‌ಬಾಕ್ಸ್ ಕಡೆಯಿಂದ ಲೆಕ್ಕ ತಗೊಳ್ಳುವ ಬೈಕ್ ಆದರೆ 14 ಹಾಕಿದ ಮೇಲೆ ಈಗಿನದಕ್ಕಿಂತ 7% ಜಾಸ್ತಿ ತೋರಿಸುತ್ತದೆ, ಓಡಿದ ಕಿಲೋಮೀಟರೂ ಹಾಗೇ. ಆಮೇಲೆ ಮೈಲೇಜ್ ಲೆಕ್ಕ ಹಾಕಿ ‘ಮೊದಲಿಗಿಂತ ಚೆನ್ನಾಗಿದೆ’ ಅಂತ ಖುಷಿಪಡುವವರೂ ಇದ್ದಾರೆ! 16 ಹಾಕಿದವರಿಗೆ ಕಮ್ಮಿ ತೋರಿಸುತ್ತದೆ, ಅದು ಇನ್ನೂ ಅಪಾಯ.

ಕೇಳಿದವರು: ಮುಂದಿನ ಚಕ್ರದಲ್ಲೇ ಇದೆ. ಹಳೇ ಚೈನ್‌ಗೆ ಹೊಸ ಸ್ಪ್ರಾಕೆಟ್ ಹಾಕಬಹುದಾ?

ಕೈಗೆ ಗ್ರೀಸ್: ಚೈನ್ ಹೊಸದರಂತಿದ್ದರೆ ಹಾಕಿ ನೋಡಬಹುದು. ಎಳೆದು ಉದ್ದವಾಗಿದ್ದರೆ ಬೇಡ, ಹೊಸ ಹಲ್ಲನ್ನು ಬೇಗ ತಿಂದುಹಾಕುತ್ತದೆ. ಆಗ ಮುಂದಿನದು, ಹಿಂದಿನದು, ಚೈನ್ ಮೂರನ್ನೂ ಒಟ್ಟಿಗೇ ಬದಲಿಸಿ. ತರುವಾಗ ಚೈನ್ ಸೈಜ್ ನೋಡಿಕೊಳ್ಳಿ, 428 ಸೈಜಿನ ಸ್ಪ್ರಾಕೆಟ್ 520 ಸೈಜಿನ ಚೈನ್‌ಗೆ ಕೂರುವುದಿಲ್ಲ. 13ರ ತನಕ ಇಳಿಯುವ ಆಸೆ ಬೇಡ. ಮುಂದಿನದು ಸಣ್ಣದಾದಷ್ಟೂ ಚೈನ್ ಜಾಸ್ತಿ ಬಾಗಿ ಬೇಗ ಸವೆಯುತ್ತದೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಪಟ್ಟಿಯನ್ನೂ ಉಜ್ಜುತ್ತದೆ. 14 ಹಾಕಿದ ಮೇಲೆ ಚೈನ್ ಸಡಿಲವಾಗುತ್ತದೆ, ಹಿಂದಿನ ಚಕ್ರ ಸ್ವಲ್ಪ ಹಿಂದಕ್ಕೆ ಸರಿಸಿ ಬಿಗಿ ಸರಿಮಾಡಿ. ಎರಡೂ ಕಡೆ ಗುರುತು ಸಮ ಇರಲಿ. ಮುಂದಿನ ನಟ್ ಭಾರಿ ಬಿಗಿ ಇರುತ್ತದೆ. ಚೈನ್ ಬಿಚ್ಚುವ ಮೊದಲೇ, ಹಿಂದಿನ ಬ್ರೇಕ್ ಯಾರಿಂದಲಾದರೂ ಒತ್ತಿಸಿ ಅದನ್ನು ಸಡಿಲಿಸಿಕೊಳ್ಳಿ.