ಸ್ಕೀ ಬೂಟ್ ಹಾಕ್ಕೊಂಡೇ ಸ್ನೋಬೋರ್ಡಲ್ಲಿ ಕಾರ್ವಿಂಗ್ ಮಾಡ್ಬೋದಾ, ಇಲ್ಲ ಹಾರ್ಡ್ ಬೂಟ್ ತಗೊಳ್ಳಲೇಬೇಕಾ?

ಮರಗೋಡು_ಬೋರ್ಡರ್:

ಎಲ್ರಿಗೂ ನಮಸ್ಕಾರ. ಕೊಡಗಿಂದ ಗುಲ್ಮರ್ಗ್ ಕಡೆ ಹೋಗಿ ಬರೋರು ಇಲ್ಲಿ ಒಂದಷ್ಟು ಜನ ಇದ್ದೀರಿ ಅಂತ ಗೊತ್ತು, ಅದಕ್ಕೆ ಇಲ್ಲೇ ಕೇಳ್ತಿದೀನಿ. ನನ್ನ ಕಸಿನ್ ಆಸ್ಟ್ರಿಯಾದಲ್ಲಿ ಕೆಲಸದಲ್ಲಿದ್ದ, ವಾಪಸ್ ಬರ್ವಾಗ ಅವನ ಹಳೇ ಆಲ್ಪೈನ್ ಬೋರ್ಡ್ (ಕಾರ್ವಿಂಗಿಗೆ, ಅಂದ್ರೆ ಬೋರ್ಡನ್ನ ಅಂಚಿನ (ಎಡ್ಜ್) ಮೇಲೆ ವಾಲ್ಸಿ ತಿರುಗೋಕೆ, ಅಂತಾನೇ ಮಾಡಿದ ಸಪೂರ ಸ್ನೋಬೋರ್ಡ್) ಬೈಂಡಿಂಗ್ (ಬೂಟನ್ನ ಬೋರ್ಡಿಗೆ ಹಿಡಿಯೋ ಕೊಂಡಿ) ಸಮೇತ ತಂದು ನಂಗೆ ಕೊಟ್ಟಿದಾನೆ. 163 ಸೆಂ.ಮೀ. ಉದ್ದ, ನಡುವಿನ ಅಗಲ ಬರೀ 20 ಸೆಂ.ಮೀ. ಎಫ್2 ಕಂಪನಿಯ ಪ್ಲೇಟ್ ಬೈಂಡಿಂಗ್, ಮುಂದೆ ಲಿವರ್, ಹಿಂದೆ ತಂತಿ. ಬೂಟ್ ಮಾತ್ರ ಇಲ್ಲ, ಅವನ ಕಾಲು ನನ್ನದಕ್ಕಿಂತ ಚಿಕ್ಕದು.

ನನ್ನ ಹತ್ರ ಸ್ಕೀ ಬೂಟ್ ಇದೆ, ಸೈಜ್ 27.5, ಫ್ಲೆಕ್ಸ್ (ಬೂಟಿನ ಗಟ್ಟಿತನದ ನಂಬರು) 110, ಹಿಮ್ಮಡಿ ಹತ್ರ ಸೋಲಿನ (ಬೂಟಿನ ಅಡಿಭಾಗದ) ಉದ್ದ 315 ಮಿ.ಮೀ. ಅಂತ ಕೆತ್ತಿದೆ. ನಿನ್ನೆ ಸಂಜೆ ಜಗುಲಿ ಮೇಲೆ ಬೋರ್ಡ್ ಇಟ್ಟು ಬೂಟ್ ಹಾಕ್ಕೊಂಡು ನೋಡ್ದೆ, ಬೈಂಡಿಂಗ್ ಸ್ವಲ್ಪ ಉದ್ದ ಮಾಡಿದ್ಮೇಲೆ ಟಪ್ ಅಂತ ಕೂತ್ಕೊಂಡ್ತು, ಅಮ್ಮ ಬಂದು ರೆಡ್ ಆಕ್ಸೈಡ್ ನೆಲ ಗೀರಿದ್ರೆ ನೋಡು ಅಂತ ಬೈದು ಹೋದ್ರು. ಈಗ ಪ್ರಶ್ನೆ ಏನಂದ್ರೆ ಕೂತ್ಕೊಂಡ್ತು ಅಂದ್ರೆ ಓಡ್ಸಬಹುದು ಅಂತಾನಾ? ಹಾರ್ಡ್ ಬೂಟ್ (ಇಂಥ ಬೋರ್ಡಿಗೆ ಅಂತಾನೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಬೂಟ್) ನಮ್ಮ ಕಡೆ ಯಾವ ಅಂಗಡೀಲೂ ನೋಡಿಲ್ಲ, ಹೊರಗಿಂದ ತರಿಸಿದ್ರೆ ಶಿಪ್ಪಿಂಗು ಕಸ್ಟಮ್ಸು ಎಲ್ಲಾ ಸೇರಿ ಬೂಟಿಗಿಂತ ಜಾಸ್ತಿ ಆಗುತ್ತೆ. ಅರೇಬಿಕಾ ಕೊಯ್ಲು ಮುಗ್ಸಿ ರೊಬಸ್ಟಾ ಜೋರಾಗೋದ್ರೊಳಗೆ ಒಂದು ವಾರ ಸಿಕ್ಕಿದ್ರೆ ನನ್ನ ಪುಣ್ಯ, ಆ ವಾರನ ಬೂಟ್ ಜೊತೆ ಗುದ್ದಾಡ್ಕೊಂಡು ಕಳೆಯೋಕೆ ಇಷ್ಟ ಇಲ್ಲ.

ಹಾರಂಗಿ_ಎಡ್ಜ್:

ಓಡ್ಸಬಹುದು ಮಾರಾಯ, ಆದ್ರೆ ಮೂರ್ನಾಲ್ಕು ವಿಷ್ಯ ತಿಳ್ಕೊಂಡು ಓಡ್ಸು. ಸ್ಕೀ ಬೂಟು ನಿನ್ನ ಬೈಂಡಿಂಗಲ್ಲಿ ಕೂರೋದ್ರಲ್ಲಿ ಆಶ್ಚರ್ಯ ಏನಿಲ್ಲ, ತಂತಿ ಹಿಡಿಯೋ ಮುಂದಿನ ಹಿಂದಿನ ಅಂಚು ಎರಡು ಥರದ ಬೂಟಲ್ಲೂ ಹತ್ತಿರತ್ತಿರ ಒಂದೇ ಥರ ಇರುತ್ತೆ. 80ರ ದಶಕದಲ್ಲಿ ಪ್ಲೇಟ್ ಬೈಂಡಿಂಗ್ ಬಂದಾಗ ಯುರೋಪಲ್ಲಿ ಎಷ್ಟೋ ಜನ ಸ್ಕೀ ಬೂಟು, ಟೂರಿಂಗ್ (ಬೆಟ್ಟ ಹತ್ತೋ ಸ್ಕೀ) ಬೂಟಲ್ಲೇ ಓಡ್ಸಿದ್ದು, ಬೋರ್ಡಿಗೆ ಅಂತಾನೇ ಹಾರ್ಡ್ ಬೂಟು ಬಂದಿದ್ದು ಆಮೇಲೆ. ನಿಂದು ತಂತಿ ಬೈಂಡಿಂಗು ಆಗಿರೋದ್ರಿಂದ ಬಚಾವ್, ಇಂಟೆಕ್ ಅಂತ ಸ್ಟೆಪ್-ಇನ್ ಬರುತ್ತಲ್ಲ, ಅದಾಗಿದ್ರೆ ಬೂಟಿನ ಹಿಮ್ಮಡೀಲೇ ಪಿನ್ ಇರೋ ಬೇರೆ ತುಂಡು ಬೇಕು, ಸ್ಕೀ ಬೂಟಿಗೆ ಅದು ಕೂರಲ್ಲ.

ಮೊದಲ ತಲೆನೋವು ಉದ್ದ. ಹಾರ್ಡ್ ಬೂಟಿನ ಸೋಲನ್ನ ಬೇಕಂತಲೇ ಗಿಡ್ಡ ಮಾಡಿರ್ತಾರೆ, ಹಿಮ್ಮಡಿ ಒಳಕ್ಕೆ ತಳ್ಳಿರ್ತಾರೆ, ಅದೇ ಸೈಜಿನ ಸ್ಕೀ ಬೂಟಿಗಿಂತ ಒಂದೆರಡು ಸೆಂಟಿಮೀಟರ್ ಕಮ್ಮಿ ಸಿಗುತ್ತೆ. ಇಷ್ಟಕ್ಕೇನು ಅನ್ಸುತ್ತೆ, ಆದ್ರೆ ಬೋರ್ಡನ್ನ ಪೂರ್ತಿ ಎಡ್ಜ್ ಮೇಲೆ ವಾಲ್ಸಿದಾಗ ಹೊರಗೆ ಚಾಚಿರೋ ಬೂಟಿನ ತುದಿ ಸ್ನೋಗೆ ತಾಗುತ್ತೆ, ತಾಗಿದ ತಕ್ಷಣ ಎಡ್ಜ್ ಮೇಲೆದ್ದು ಬಿಡುತ್ತೆ, ನೀನು ಸೊಂಟದ ಮೇಲೆ ಜಾರ್ಕೊಂಡು ಬೇಲಿ ಹತ್ರ ಹೋಗಿ ನಿಲ್ತೀಯ. ಲೆಕ್ಕ ಹಾಕು: 31.5 ಸೆಂ.ಮೀ. ಸೋಲು 20 ಸೆಂ.ಮೀ. ಅಗಲದೊಳಗೆ ಕೂರಬೇಕಂದ್ರೆ ಬೈಂಡಿಂಗ್ ಕೋನ ಸುಮಾರು 51 ಡಿಗ್ರಿ ಬರುತ್ತೆ. ಅದು ಬೂಟನ್ನ ಒಂದು ಗೆರೆ ಅನ್ಕೊಂಡ್ರೆ. ಬೂಟಿಗೆ ಅಗಲನೂ ಇದೆಯಲ್ಲ, ಅದಕ್ಕೆ ಮುಂದಿನ ಕಾಲು 60, ಹಿಂದಿನ ಕಾಲು 57 ಇಟ್ಕೊಂಡು ಶುರು ಮಾಡು. ಬೋರ್ಡನ್ನ ನೆಲದ ಮೇಲೆ ಎಡ್ಜಲ್ಲಿ ನಿಲ್ಸಿ ಹಿಂದಿಂದ ನೋಡು, ಬೂಟಿನ ಮೂತಿ, ಹಿಮ್ಮಡಿ ಎರಡೂ ಎಡ್ಜಿನ ಗೆರೆ ದಾಟಿರಬಾರ್ದು. ಜಗುಲಿ ಮೇಲೆ ಬೇಡ, ಅಮ್ಮ ಇದ್ದಾರೆ.

ಎರಡನೇದು ಗಟ್ಟಿತನ, ಅಸಲಿ ವಿಷ್ಯ ಇದೇ. ಸ್ಕೀ ಮಾಡ್ವಾಗ ಎರಡು ಕಾಲೂ ಮುಂದಕ್ಕೆ ನೋಡ್ತಿರುತ್ತೆ, ಮಂಡಿ ನೇರ ಮುಂದಕ್ಕೆ ಮಡಚುತ್ತೆ, ಪಕ್ಕಕ್ಕೆ ಅಲ್ಲಾಡದೇ ಇದ್ದಷ್ಟೂ ಎಡ್ಜಿಗೆ ಬಲ ಹೋಗುತ್ತೆ, ಹಾಗಾಗಿ ಸ್ಕೀ ಬೂಟು ಪಕ್ಕಕ್ಕೆ ಒಂಚೂರೂ ಬಗ್ಗಲ್ಲ. ಬೋರ್ಡ್ ಮೇಲೆ ಕಾಲು ಓರೆ, ಒಂದರ ಹಿಂದೆ ಒಂದು, ಮೂತಿ ಬಾಲದ ಕಡೆ ಭಾರ ಸರಿಸ್ತಾ ಇರಬೇಕು, ಪಾದದ ಗಂಟು ಸ್ವಲ್ಪ ಪಕ್ಕಕ್ಕೂ ಬಗ್ಗಬೇಕು. ಬಗ್ಗಲಿಲ್ಲ ಅಂದ್ರೆ ಹಿಂದಿನ ಕಾಲು ಕಂಬ ನೆಟ್ಟ ಹಾಗೆ ನೆಟ್ಟಗಾಗುತ್ತೆ, ಬೋರ್ಡ್ ತಿರುವಿನ ಕೊನೇಲಿ ಕಟಕಟ ಅಂತ ಹಾರೋಕೆ ಶುರು ಆಗುತ್ತೆ. ಹಾರ್ಡ್ ಬೂಟಲ್ಲಿ ಹಿಂದೆ ಒಂದು ಲಿವರ್ ಇರುತ್ತೆ, ಎಷ್ಟು ಮುಂದಕ್ಕೆ ಬಾಗಿರ್ಬೇಕು ಅಂತ ಒಂದೊಂದು ಕಾಲಿಗೂ ಬೇರೆ ಬೇರೆ ಇಟ್ಕೋಬಹುದು, ಸಾಮಾನ್ಯವಾಗಿ ಹಿಂದಿನ ಕಾಲಿಗೆ ಜಾಸ್ತಿ. ಹೆಚ್ಚಿನ ಸ್ಕೀ ಬೂಟಲ್ಲಿ ಆ ಸೌಕರ್ಯ ಇಲ್ಲ, ಕಂಪನಿ ಎಷ್ಟು ಕೊಟ್ಟಿದೆಯೋ ಅಷ್ಟೇ.

110 ಅನ್ನೋದು ಸ್ವಲ್ಪ ಗಟ್ಟಿನೇ. ಆ ನಂಬರು ಒಂದು ಕಂಪನಿದು ಇನ್ನೊಂದಕ್ಕೆ ತಾಳೆ ಆಗಲ್ಲ ಅನ್ನೋದು ಬೇರೆ ಮಾತು. ಮಡಿಕೇರಿ ಚಳೀಲಿ ಮನೆಯೊಳಗೆ ಬಗ್ಗಿ ನೋಡಿ ಪರವಾಗಿಲ್ಲ ಅಂದ್ಕೋಬೇಡ, ಮೈನಸ್ಸಲ್ಲಿ ಪ್ಲಾಸ್ಟಿಕ್ ಇನ್ನೂ ಸೆಟೆದುಕೊಳ್ಳುತ್ತೆ. ಮೇಲಿನ ಎರಡು ಬಕಲ್ ಸಡಿಲ ಬಿಡು, ಮೇಲಿನ ಪಟ್ಟಿ ಪೂರ್ತಿ ಬಿಚ್ಚು, ಪಾದದ ಮೇಲಿನ ಬಕಲ್ ಮಾತ್ರ ಬಿಗಿ. ಹಿಂದಿನ ಬೈಂಡಿಂಗಲ್ಲಿ ಹಿಮ್ಮಡಿ ಕಡೆಗೆ, ಮುಂದಿನದ್ರಲ್ಲಿ ಬೆರಳಿನ ಕಡೆಗೆ ಎತ್ತರ ಕೊಡೋ ಬೆಣೆ ಕಸಿನ್ ಹತ್ರ ಇದ್ರೆ ಹಾಕು, ಮಂಡಿಗೆ ಸುಖ. ನಿಜ ಹೇಳ್ಬೇಕಂದ್ರೆ ಬಾಡಿಗೆಗೆ ಕೊಡ್ತಾರಲ್ಲ ಬಿಗಿನರ್ ಸ್ಕೀ ಬೂಟು, ಅದು ನಿನ್ನ 110ಕ್ಕಿಂತ ಬೋರ್ಡಿಗೆ ವಾಸಿ, ಬಗ್ಗುತ್ತೆ.

ಮೋಡ_ಮುಸುಕು:

ಇಷ್ಟೆಲ್ಲ ಯಾಕ್ರೀ, ಸಾಫ್ಟ್ ಬೂಟಲ್ಲಿ ಎರಡೂ ಕಾಲು ಮುಂದಕ್ಕೆ ತಿರುಗಿಸ್ಕೊಂಡು ಜಪಾನು ಕೊರಿಯಾದವ್ರು ಕೈ ನೆಲಕ್ಕೆ ತಾಗಿಸಿ ಕಾರ್ವ್ ಮಾಡ್ತಾರೆ, ವಿಡಿಯೋ ನೋಡಿ. ಆ ಬೋರ್ಡ್ ಗೋಡೆಗೆ ತೂಗಾಕಿ.

ಹಾರಂಗಿ_ಎಡ್ಜ್:

@ಮೋಡ_ಮುಸುಕು ಅವ್ರು ಅದಕ್ಕೆ ಅಗಲದ ಬೋರ್ಡ್ ಇಟ್ಕೊಂಡಿರ್ತಾರೆ. 20 ಸೆಂ.ಮೀ. ಬೋರ್ಡಿಗೆ ಸಾಫ್ಟ್ ಬೂಟ್ ಹಾಕಿದ್ರೆ ಬೂಟೇ ಸ್ನೋ ಗುಡಿಸ್ಕೊಂಡು ಹೋಗುತ್ತೆ.

ನಿವೃತ್ತ_ಫೌಜಿ_ವಿರಾಜಪೇಟೆ:

ಮರಿ, ನಾನು ಬೋರ್ಡಿನವನಲ್ಲ, ಸ್ಕೀಯವನು, ಸರ್ವಿಸಲ್ಲಿ ಗುಲ್ಮರ್ಗಲ್ಲಿ ಕಲ್ತಿದ್ದು. 1948ರಲ್ಲಿ ನಮ್ಮ ಜನರಲ್ ತಿಮ್ಮಯ್ಯ ಸಾಹೇಬ್ರು ಸೈನ್ಯದ 19 ಡಿವಿಷನ್ ನಡೆಸ್ತಿದ್ದಾಗ ಶುರು ಮಾಡಿಸಿದ ಸ್ಕೀ ಸ್ಕೂಲೇ ಈಗಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲು, ಮಡಿಕೇರಿಲಿ ಅವ್ರ ಸನ್ನಿಸೈಡ್ ಮ್ಯೂಸಿಯಂ ಮುಂದೆ ಓಡಾಡೋ ಎಷ್ಟು ಹುಡುಗ್ರಿಗೆ ಇದು ಗೊತ್ತು? ಇರ್ಲಿ, ವಿಷಯಕ್ಕೆ ಬರ್ತೀನಿ.

ಸ್ಕೀ ಬೈಂಡಿಂಗು ಬಿದ್ದಾಗ ಬಿಟ್ಕೊಳ್ಳುತ್ತೆ, ಅದಕ್ಕೆ ಅಂತಾನೇ ನಂಬರ್ ಸೆಟ್ ಮಾಡ್ತಾರೆ. ನಿನ್ನ ಪ್ಲೇಟು ಬಿಟ್ಕೊಳ್ಳಲ್ಲ. ಬಿಟ್ಕೊಳ್ಳಲೂ ಬಾರ್ದು, ಒಂದು ಕಾಲು ಬಿಟ್ಟು ಇನ್ನೊಂದು ಸಿಕ್ಕಿಕೊಂಡ್ರೆ ಮಂಡಿ ತಿರುಚೋದು ಗ್ಯಾರಂಟಿ. ಆದ್ರಿಂದ ಲಿವರ್ ಹಾಕ್ವಾಗ ಸಲೀಸಾಗಿ ಬಿದ್ದೋಯ್ತು ಅಂದ್ರೆ ಸಡಿಲ ಇದೆ ಅಂತ ಅರ್ಥ, ಅಂಗೈ ಒತ್ತಿ ಹಾಕೋಷ್ಟು ಬಿಗಿ ಇರ್ಬೇಕು. ಸ್ನೋ ಮೇಲೆ ಹಾಕೋ ಮೊದ್ಲು ಸೋಲಿಗೆ ಮೆತ್ತಿರೋ ಐಸ್ ಕೆರೆದು ತೆಗಿ, ಅಷ್ಟು ಸಣ್ಣ ಐಸಿಗೇ ತಂತಿ ಅರ್ಧಂಬರ್ಧ ಕೂರುತ್ತೆ.

ಇನ್ನೊಂದು, ಯಾರೂ ಹೇಳಿಲ್ಲ. ಗುಲ್ಮರ್ಗ್‌ಗೆ ಹೆಸ್ರು ಬಂದಿರೋದು ಪೌಡರಿಗೆ, ಅಂದ್ರೆ ಹೊಸದಾಗಿ ಬಿದ್ದ ಪುಡಿ ಸ್ನೋಗೆ. ಗೊಂಡೋಲ (ರೋಪ್‌ವೇ) ಎರಡನೇ ಹಂತ ಹತ್ತಿ ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರಲ್ಲಿ ಇಳ್ಕೊಂಡ್ರೆ ಅಲ್ಲಿಂದ ಕೆಳಗೆ ಪೂರ್ತಿ ಮೆತ್ತನೆ ಸ್ನೋ, ಅವಲಾಂಚ್ (ಹಿಮಕುಸಿತ) ಜಾಗ. ನಿನ್ನ ಸಪೂರ ಬೋರ್ಡು ಅದ್ರಲ್ಲಿ ಮುಳುಗುತ್ತೆ. ಮಷೀನ್ ಓಡ್ಸಿ ಗಟ್ಟಿ ಮಾಡಿದ ಸ್ಲೋಪ್ ಬೇಕು ನಿಂಗೆ, ಅದು ಕೆಳಗೆ ಕೊಂಗ್ಡೂರಿ (ಗೊಂಡೋಲ ಮೊದಲ ಹಂತ) ಕಡೆ ಸ್ವಲ್ಪ ಸಿಗುತ್ತೆ, ಬೆಳಿಗ್ಗೆ ಬೇಗ ಹೋಗು, ಹತ್ತು ಗಂಟೆ ಮೇಲೆ ಟೂರಿಸ್ಟು, ಸ್ಲೆಡ್ಜ್ ಎಳೆಯೋರು, ಫೋಟೋ ತೆಗೆಯೋರು ಎಲ್ಲಾ ಅಡ್ಡ. ಉತ್ತರಾಖಂಡದ ಔಲಿ ಸ್ಲೋಪು ಕಾರ್ವಿಂಗಿಗೆ ಇನ್ನೂ ಚೆನ್ನ ಅಂತ ನನ್ನ ಅಭಿಪ್ರಾಯ, 2011ರ ಸೌತ್ ಏಷ್ಯನ್ ವಿಂಟರ್ ಗೇಮ್ಸಿನ ಸ್ಕೀ ಸ್ಪರ್ಧೆ ಅಲ್ಲೇ ನಡೆದಿದ್ದು, ಆದ್ರೆ ಅಲ್ಲಿ ಸ್ನೋ ಬೀಳೋದೇ ಒಂದೊಂದು ವರ್ಷ ಅನುಮಾನ.

ಮರಗೋಡು_ಬೋರ್ಡರ್:

ಅಂಕಲ್ ತುಂಬಾ ಥ್ಯಾಂಕ್ಸ್, ತಿಮ್ಮಯ್ಯ ಅವ್ರ ವಿಷ್ಯ ನಿಜವಾಗ್ಲೂ ಗೊತ್ತಿರಲಿಲ್ಲ. ಕೊಂಗ್ಡೂರಿಲೇ ಬೆಳಿಗ್ಗೆ ಓಡ್ಸೋ ಪ್ಲಾನು.

ಹಾರಂಗಿ ಅಣ್ಣ, ಎಡ್ಜಲ್ಲಿ ನಿಲ್ಸಿ ನೋಡ್ದೆ. 60ಕ್ಕೆ ಇಟ್ರೆ ಮೂತಿ ಒಳಗಿದೆ, ಹಿಮ್ಮಡಿ ಒಂದು ನೂಲಿನಷ್ಟು ಹೊರಗೆ ಬರ್ತಿದೆ. ಇನ್ನೊಂದು, ಬೂಟ್ ತಿರುಗಿಸಿ ನೋಡಿದ್ರೆ ಸೋಲು ಚಪ್ಪಟೆ ಇಲ್ಲ, ಮುಂದೆ ಸ್ವಲ್ಪ ಮೇಲಕ್ಕೆ ಬಾಗಿದೆ, ರಬ್ಬರು, ಗ್ರಿಪ್‌ವಾಕ್ ಅಂತ ಬರ್ದಿದೆ. ಇದ್ರಿಂದ ಏನಾದ್ರೂ ತೊಂದ್ರೆನಾ?

ಹಾರಂಗಿ_ಎಡ್ಜ್:

ತೊಂದ್ರೆನೇ, ಒಳ್ಳೇದಾಯ್ತು ನೋಡಿದ್ದು. ಹಳೇ ಆಲ್ಪೈನ್ ಸೋಲು ಐಎಸ್‌ಒ 5355 ಅನ್ನೋ ಮಾನದಂಡದ್ದು, ಅದ್ರಲ್ಲಿ ಮುಂದಿನ ಅಂಚು 19 ಮಿ.ಮೀ. ದಪ್ಪ, ಹಿಂದಿಂದು 30, ತಳ ಚಪ್ಪಟೆ, ಗಟ್ಟಿ ಪ್ಲಾಸ್ಟಿಕ್. ಪ್ಲೇಟ್ ಮೇಲೆ ಅಲ್ಲಾಡದೆ ಕೂರುತ್ತೆ. ಗ್ರಿಪ್‌ವಾಕ್ ನಡೆಯೋಕೆ ಸುಲಭ ಆಗ್ಲಿ ಅಂತ ಬಾಗ್ಸಿರೋದು, ಪ್ಲೇಟ್ ಮೇಲೆ ಇಟ್ರೆ ಮುಂದೆ ಸಂದು ಬಿಡುತ್ತೆ, ರಬ್ಬರ್ ಒತ್ಕೊಳ್ಳುತ್ತೆ, ಮನೇಲಿ ಬಿಗಿ ಅನ್ಸಿದ್ದು ಭಾರ ಬಿದ್ದಾಗ ಅಲ್ಲಾಡುತ್ತೆ. ಇವತ್ತಿನ ಎಷ್ಟೋ ಬೂಟಲ್ಲಿ ಸೋಲು ಸ್ಕ್ರೂ ಬಿಚ್ಚಿ ಬದಲಾಯಿಸೋ ಹಾಗಿರುತ್ತೆ, ಅದೇ ಮಾಡಲ್ಲಿನ ಚಪ್ಪಟೆ ಆಲ್ಪೈನ್ ಸೋಲು ತರ್ಸಿ ಹಾಕು, ಇಡೀ ಬೂಟಿನ ಮುಂದೆ ಅದರ ಖರ್ಚು ಏನೂ ಅಲ್ಲ. ಬಿಚ್ಚೋಕೆ ಆಗಲ್ಲ ಅಂದ್ರೆ ಆ ಬೂಟು ಸ್ಕೀಗೇ ಇರ್ಲಿ.

ಹಿಮ್ಮಡಿ ಹೊರಗೆ ಬರ್ತಿದ್ರೆ ಕೋನ ಜಾಸ್ತಿ ಮಾಡ್ಬೇಡ ಈಗ್ಲೇ. ಬೈಂಡಿಂಗಲ್ಲಿ ಮುಂದಿನ ಹಿಂದಿನ ಬ್ಲಾಕ್ ಎರಡನ್ನೂ ಒಂದು ತೂತು ಮುಂದಕ್ಕೆ ಸರಿಸು, ಬೂಟು ನಡುವಿಗೆ ಬರುತ್ತೆ.

ಪೊನ್ನಂಪೇಟೆ_ಸ್ಪ್ಲಿಟ್:

ನಾನು ಸ್ಪ್ಲಿಟ್‌ಬೋರ್ಡ್ (ಬೆಟ್ಟ ಹತ್ತೋಕೆ ಎರಡು ಭಾಗ ಆಗಿ ಬಿಚ್ಚೋ ಸ್ನೋಬೋರ್ಡ್) ಓಡ್ಸೋಳು, ಇನ್ನೊಂದು ದಾರಿ ಹೇಳ್ತೀನಿ. ಬೆಟ್ಟ ಹತ್ತಿ ಇಳಿಯೋ ಸ್ಪ್ಲಿಟ್‌ನವರಲ್ಲಿ ತುಂಬಾ ಜನ ಹಗುರದ ಟೂರಿಂಗ್ ಬೂಟನ್ನೇ ಬೋರ್ಡಿಗೆ ಹಾಕ್ತಾರೆ, ಡೈನಫಿಟ್ ಟಿಎಲ್‌ಟಿ, ಅಟಾಮಿಕ್ ಬ್ಯಾಕ್‌ಲ್ಯಾಂಡ್ ಥರದ್ದು. ತೂಕ ಕಮ್ಮಿ, ಆಲ್ಪೈನ್ ಬೂಟಿಗಿಂತ ಬಗ್ಗುತ್ತೆ, ಹಿಂದೆ ವಾಕ್ ಲಿವರ್ (ನಡೆಯೋಕೆ ಬೂಟ್ ಸಡಿಲ ಮಾಡೋದು) ಇದೆ, ಆ ಲಿವರಿನ ಜಾಗಕ್ಕೆ ಸ್ಪ್ರಿಂಗ್ ಇರೋದು ಹಾಕಿಸ್ಕೊಂಡು ಬೇಕಾದಷ್ಟು ಮೆತ್ತಗೆ ಮಾಡ್ಕೊಳ್ಳೋರೂ ಇದ್ದಾರೆ. ಆದ್ರೆ ಅವ್ರ ಬೈಂಡಿಂಗು ಬೇರೆ, ನಿಮ್ಮ ಪ್ಲೇಟಿಗೆ ಟೂರಿಂಗ್ ಬೂಟಿನ ಬಾಗಿದ ಸೋಲು ಅದೇ ಗ್ರಿಪ್‌ವಾಕ್ ಕಥೆ. ಹೊಸದಾಗಿ ದುಡ್ಡು ಹಾಕೋದಾದ್ರೆ ಟೂರಿಂಗ್ ಬೂಟಿಗೆ ಹಾಕ್ಬೇಡಿ, ಸೆಕೆಂಡ್ ಹ್ಯಾಂಡ್ ಡೀಲಕ್ಸ್ ಅಥ್ವಾ ಯುಪಿಝಡ್ ಕಂಪನಿಯ ಹಾರ್ಡ್ ಬೂಟಿಗೇ ಹಾಕಿ, ಕಸಿನ್ ಫ್ರೆಂಡ್ಸ್ ಯಾರಾದ್ರೂ ಬರ್ವಾಗ ಸೂಟ್‌ಕೇಸಲ್ಲಿ ತರ್ಲಿ. ಹಳೇದು ತಗೊಳ್ವಾಗ ಬಕಲ್ ಬುಡದಲ್ಲಿ, ಕಾಲಗಂಟಿನ ರಿವೆಟ್ ಹತ್ರ ಬಿರುಕು ಇದ್ಯಾ ಅಂತ ಫೋಟೋ ತರ್ಸಿ ನೋಡಿ, ವರ್ಷಗಟ್ಲೆ ಇಟ್ಟ ಪ್ಲಾಸ್ಟಿಕ್ಕು ಒಂದಿನ ಸ್ಲೋಪಲ್ಲೇ ಒಡೆದು ಹೋಗುತ್ತೆ.

ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಗೊತ್ತಲ್ಲ, 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಲ್ಲಿ ಸ್ಕೀ ಸೂಪರ್-ಜಿ ಲೂ ಚಿನ್ನ, ಬೋರ್ಡಿನ ಪ್ಯಾರಲೆಲ್ ಜೈಂಟ್ ಸ್ಲಾಲಮಲ್ಲೂ ಚಿನ್ನ. ಅವಳೇ ಬೋರ್ಡಿಗೆ ಬಂದಾಗ ಬೂಟ್ ಬದಲಾಯಿಸ್ತಾಳೆ. ನಿಮಗೆ ಒಂದು ಸೀಸನ್ ಸ್ಕೀ ಬೂಟ್ ಸಾಕು, ಹುಚ್ಚು ಹಿಡಿದ್ಮೇಲೆ ನೀವೇ ಹುಡುಕ್ತೀರಿ.

ಆಮೇಲೆ ವಾಪಸ್ ಬಂದ್ಮೇಲೆ ಒಳಗಿನ ಲೈನರ್ ಹೊರಗೆ ತೆಗ್ದು ಒಣಗಿಸಿ ಇಡಿ. ನಮ್ಮ ಜೂನ್ ಜುಲೈ ಮಳೇಲಿ ಬೂಟೊಳಗೆ ಬಿಟ್ರೆ ಆಗಸ್ಟಲ್ಲಿ ಬೂಷ್ಟು ಹಿಡಿದು ಹಸಿರಾಗಿರುತ್ತೆ. ಆದ್ರೆ ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಶಾಖಕ್ಕೆ ಕಾಲಿನ ಅಚ್ಚಿಗೆ ಕೂರಿಸಿದ ಲೈನರ್ ಆಕಾರ ಕೆಡುತ್ತೆ.

ಮರಗೋಡು_ಬೋರ್ಡರ್:

ಅಕ್ಕ, ಲೈನರ್ ಈಗಾಗ್ಲೇ ಬೂಷ್ಟು ವಾಸನೆ 😅 ಬಿಸಿಲಿಗೆ ಹಾಕಿದೀನಿ.

ಸೋಲಿಗೆ ಸ್ಕ್ರೂ ಇದೆ, ಮುಂದೆ ಹಿಂದೆ ಎರಡೂ ಕಡೆ ಬಿಚ್ಚುತ್ತೆ, ಚಪ್ಪಟೆ ಸೋಲು ಆರ್ಡರ್ ಹಾಕ್ದೆ. ಬ್ಲಾಕ್ ಒಂದು ತೂತು ಮುಂದಕ್ಕೆ ಸರಿಸಿದ್ಮೇಲೆ ಹಿಮ್ಮಡಿನೂ ಒಳಗೆ ಬಂತು. ಈ ಸಲ ಇದ್ರಲ್ಲೇ, ಮೇಲಿನ ಬಕಲ್ ಬಿಚ್ಕೊಂಡು.

ಹಾರಂಗಿ_ಎಡ್ಜ್:

ಸೋಲು ಹಾಕಿದ್ಮೇಲೆ ಉದ್ದ, ಎತ್ತರ ಎರಡೂ ಮತ್ತೆ ನೋಡು, ಲಿವರಿನ ಬಿಗಿ ಹೊಸದಾಗಿ ಸೆಟ್ ಮಾಡ್ಬೇಕಾಗುತ್ತೆ. ಮೊದಲ ರೌಂಡ್ ಆದ್ಮೇಲೆ ಬೈಂಡಿಂಗ್ ಸ್ಕ್ರೂ ಎಲ್ಲಾ ಒಂದ್ಸಲ ತಿರುಗಿಸಿ ನೋಡು, ಸಡಿಲ ಆಗಿರುತ್ತೆ. 3ನೇ ನಂಬರ್ ಸ್ಕ್ರೂಡ್ರೈವರ್ ಸ್ಲೋಪಲ್ಲಿ ಜೇಬಲ್ಲಿ ಇಟ್ಕೋ, ವಿಮಾನದಲ್ಲಿ ಹೋಗ್ವಾಗ ಮಾತ್ರ ಚೆಕ್-ಇನ್ ಬ್ಯಾಗಲ್ಲಿ ಹಾಕು, ಕೈ ಬ್ಯಾಗಲ್ಲಿ ಇಟ್ರೆ ಏರ್‌ಪೋರ್ಟಲ್ಲಿ ಕಿತ್ಕೋತಾರೆ.