ಅಪ್‌ಡೇಟ್: ತರಕಾರಿ ಬರ್ಗರ್ ಪ್ಯಾಟಿ ಈಗ ಒಡೆಯುತ್ತಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಮನೆಯಲ್ಲಿ ಮಾಡಿದ ತರಕಾರಿ ಬರ್ಗರ್ ಪ್ಯಾಟಿ ಕಾವಲಿ ಮೇಲೆ ಮಗುಚಿದ ತಕ್ಷಣ ಪುಡಿಪುಡಿ ಆಗುತ್ತದೆ ಅಂತ. ಸರಿಹೋಯ್ತು! ನೀರಿನದ್ದೇ ತೊಂದರೆ. ತುರಿದ ಕ್ಯಾರೆಟ್, ಬೀಟ್‌ರೂಟಿಗೆ ಉಪ್ಪು ಹಾಕಿ 10 ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಂಡಿದೆ, ಅರ್ಧ ಲೋಟ ಕೆಂಪು ನೀರು ಇಳಿಯಿತು, ಇಷ್ಟು ನೀರು ಒಳಗಿದ್ದರೆ ಅದು ಹೇಗೆ ಗಟ್ಟಿಯಾಗಿ ನಿಲ್ಲಬೇಕು ಅಲ್ವಾ? ಬೆಂದ ರಾಜ್ಮಾವನ್ನು ರುಬ್ಬದೆ ಕೈಯಲ್ಲೇ ಹಿಸುಕಿದೆ. ಬ್ರೆಡ್ ಪುಡಿ ಸೇರಿಸಿ, ತಟ್ಟಿ, 30 ನಿಮಿಷ ಫ್ರಿಜ್‌ನಲ್ಲಿಟ್ಟೆ. ಇದನ್ನು ಮಾತ್ರ ಬಿಡಬೇಡಿ, ಪುಡಿ ತೇವ ಹೀರಿಕೊಳ್ಳಲು ಸಮಯ ಬೇಕು. ಆಮೇಲೆ ಮಧ್ಯಮ ಉರಿ. ತಳ ಕಂದು ಬಣ್ಣಕ್ಕೆ ಬಂದು ತಾನಾಗೇ ಕಾವಲಿ ಬಿಡುವವರೆಗೂ ಮುಟ್ಟಲಿಲ್ಲ. ಮಗುಚಿದಾಗ ಅಂಚು ಕೂಡ ಬಿರಿಯಲಿಲ್ಲ, ತುಂಬಾ ಖುಷಿಯಾಯ್ತು. ಹಿಂಡಿ ನೋಡಿ ಅಂದವರಿಗೆ ನಿಜವಾಗಲೂ ಥ್ಯಾಂಕ್ಸ್.